ಕಾರ್ಪೊರೇಶನ್ ದೆವ್ವ

ಹೋದ ತಿಂಗಳು ಮೈದುನನ ಮನೆಯ ಕಾರ್ಯಕ್ಕೆಂದು ಬನಹಟ್ಟಿಗೆ ಹೋಗಿದ್ದೆ. ನಾವು ಮುಧೋಳಕ್ಕೆ ಬಂದು ನೆಲೆಸಿ ಬಹಳ ವರ್ಷಗಳಾದವು. ಆ ಓಣಿಗೆ ಕಾಲಿಡುವುದು ಈಗ ಅಪರೂಪ. ಬಸ್ಸಿನಿಂದಿಳಿದು ಎರಡು ತಿರುವು ದಾಟುತ್ತಿದ್ದಂತೆ ಹಸಿ ನೂಲಿಗೆ ಹಚ್ಚಿದ ಗಂಜಿಯ ಹುಳಿ ವಾಸನೆ ಮೂಗಿಗೆ ಬಂತು. ಯಾರದೋ ಮನೆಯ ಮುಂದೆ ಬಣ್ಣದ ನೂಲಿನ ಲಡಿಗಳನ್ನು ಗಳದ ಮೇಲೆ ಒಣಹಾಕಿ, ಮಳೆ ಬರುತ್ತದೋ ಏನೋ ಎಂದು ಒಬ್ಬಾಕೆ ಬಾಗಿಲಲ್ಲಿ ನಿಂತು ಮುಗಿಲು ನೋಡುತ್ತಿದ್ದಳು. ನನ್ನ ಕಿವಿ ಬಿಸಿಯಾದವು. ಮೊಮ್ಮಕ್ಕಳನ್ನು ಕಂಡ ಹೆಂಗಸು ನಾನು. ಆದರೂ ಆ ವಾಸನೆ ಬಂದರೆ ಸೆರಗು ಎಳೆದುಕೊಂಡು, ಯಾರ ಕಣ್ಣಿಗೂ ಬೀಳದೆ ಸರಸರ ನಡೆದುಬಿಡಬೇಕು ಅನ್ನಿಸುತ್ತದೆ. ಮದುವೆಯಾಗಿ ಬಂದ ವರ್ಷದ ಮಳೆಗಾಲವನ್ನು ನಾನು ಆ ವಾಸನೆಯಲ್ಲೇ ಕಳೆದೆ.

ಆಗ ತೊಂಬತ್ತರ ದಶಕ ಶುರುವಾಗಿತ್ತಷ್ಟೆ. ನನ್ನ ತವರು ಲೋಕಾಪುರ. ಅಪ್ಪ ಅಲ್ಲಿಯ ಒಂದು ದಲಾಲಿ ಅಂಗಡಿಯಲ್ಲಿ ಗುಮಾಸ್ತ. ನನ್ನನ್ನು ಜಮಖಂಡಿಯಲ್ಲಿದ್ದ ಚಿಕ್ಕಮ್ಮನ ಮನೆಯಲ್ಲಿಟ್ಟು ಬಿ.ಎ. ಓದಿಸಿದ. ಕೊನೆಯ ವರ್ಷದ ಪರೀಕ್ಷೆ ಬರೆದು ಮನೆಗೆ ಬಂದ ಬೇಸಿಗೆಯಲ್ಲೇ ಬನಹಟ್ಟಿಯವರು ನೋಡಲು ಬಂದರು. “ಹುಡುಗಿ ಬಿ.ಎ. ಆಗ್ಯಾಳ್ರಿ,” ಎಂದ ಅಪ್ಪ. ಫಲಿತಾಂಶ ಇನ್ನೂ ಬಂದಿರಲಿಲ್ಲ. ನಿಶ್ಚಯವಾದ ಮೇಲೆ ಬಂತು. ಇಂಗ್ಲಿಷಿನಲ್ಲಿ ನಪಾಸಾಗಿದ್ದೆ. ಅಪ್ಪ ಪಡಸಾಲೆಯಲ್ಲಿ ಅತ್ತಿಂದಿತ್ತ ಓಡಾಡಿ, ಕಡೆಗೆ ನನ್ನ ಮುಖ ನೋಡದೆ ಹೇಳಿದ: “ಈಗ ಯಾರ ಮುಂದೂ ಬಾಯಿ ಬಿಡಬ್ಯಾಡ. ಮದಿವಿ ಆಗಿಬಿಡ್ಲಿ. ಮುಂದ ನೋಡೂಣು.” ಮದುವೆಯಾಯಿತು. ಮುಂದೆ ನೋಡುವ ಮಾತನ್ನು ಅವನೂ ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ.

ಅತ್ತೆಯ ಹೆಸರು ಗಂಗವ್ವ. ಗಂಡ ತೀರಿಕೊಂಡ ಮೇಲೆ ಕೈಮಗ್ಗದ ಸಂಸಾರವನ್ನು ಎಳೆದು ದಡ ಹತ್ತಿಸಿದಾಕೆ. ನಾನು ಬರುವ ಹೊತ್ತಿಗೆ ನಮ್ಮವರು, ಅಂದರೆ ಅವಳ ಹಿರಿಯ ಮಗ ಬಸವರಾಜ, ಹಿಂದಿನ ಶೆಡ್ಡಿನಲ್ಲಿ ಪಾವರ್‌ಲೂಮ್ ಹಾಕಿದ್ದರು. ಕಿರಿಯ ಮಗ ಪ್ರಕಾಶ ಪುಣೆಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ. ಅತ್ತೆಗೆ ಓದು ಬರದು. ಅದಕ್ಕೇ ಇರಬೇಕು, ಸೊಸೆಯ ಓದು ಅವಳಿಗೆ ಮೈಮೇಲಿನ ಆಭರಣದಂತಿತ್ತು. ನೀರಿಗೆ ಹೋದಲ್ಲಿ, ಗಿರಣಿಗೆ ಹೋದಲ್ಲಿ, “ನಮ್ಮ ಸೊಸಿ ಬಿ.ಎ. ಆಗ್ಯಾಳ” ಎಂದು ಹೇಳಿಯೇ ಬರುತ್ತಿದ್ದಳು. ನಾನು ಕೊಡ ಹೊತ್ತು ಹಿಂದೆ ನಿಂತಿರುತ್ತಿದ್ದೆ. ಕೇಳಿದವರು ನನ್ನ ಕಡೆ ತಿರುಗಿದಾಗ ಕೊಡ ಸರಿಮಾಡಿಕೊಳ್ಳುತ್ತಿದ್ದೆ.

ಆಷಾಢ ಕಳೆಯುತ್ತಲೇ ಪ್ರಕಾಶ ಕಾಮಣಿಯಾಗಿ ಮನೆಗೆ ಬಂದ. ಕಣ್ಣು, ಉಗುರು ಎಲ್ಲ ಅರಿಸಿನ. ಕಾಮಣಿಗೆ ಔಷಧ ಕೊಡುವ ಊರಿನ ಹಿರಿಯರೊಬ್ಬರು ಎಣ್ಣೆ-ಖಾರ ಬಿಡಿಸಿದರು, ಕಬ್ಬಿನ ಹಾಲು, ಮಜ್ಜಿಗೆ ಎಷ್ಟಾದರೂ ಕೊಡಿ ಎಂದರು, ಹಾಸಿಗೆ ಬಿಟ್ಟು ಏಳಬಾರದು, ಸಣ್ಣ ಅಕ್ಷರ ಓದಿ ಕಣ್ಣಿಗೆ ತ್ರಾಸು ಕೊಡಬಾರದು ಎಂದರು. ಇಪ್ಪತ್ತು ವರ್ಷದ ಹುಡುಗ, ಎಷ್ಟೆಂದು ಮಲಗಿರುತ್ತಾನೆ? ಹೊರಗೆ ಜಿಟಿಜಿಟಿ ಮಳೆ. ಒಂದು ಮಧ್ಯಾಹ್ನ ತನ್ನ ಚೀಲದಿಂದ ದಪ್ಪನೆಯ ಇಂಗ್ಲಿಷ್ ಪುಸ್ತಕವೊಂದನ್ನು ತೆಗೆಸಿದ. ಮುಖಪುಟದ ಮೇಲೆ ರೆಕ್ಕೆಯ ಪ್ರಾಣಿ, ಅದರ ಮುಂದೆ ಕತ್ತಿ ಹಿಡಿದ ಇಬ್ಬರು. ಹಾಸ್ಟೆಲ್ಲಿನ ಗೆಳೆಯನದಂತೆ, ಹೊರದೇಶದಲ್ಲಿದ್ದ ಸಂಬಂಧಿಕರು ಅವನಿಗೆ ತಂದುಕೊಟ್ಟದ್ದು.

ಅದು ಆಟದ ಪುಸ್ತಕ. ಎಲ್ಲರೂ ಸುತ್ತ ಕೂರುವುದು. ಒಬ್ಬರು ಕತೆ ನಡೆಸುವುದು: ಹಾಳುಬಿದ್ದ ಕೋಟೆಯ ಬಾಗಿಲಲ್ಲಿ ನಿಂತಿದ್ದೀರಿ, ಒಳಗೆ ಕತ್ತಲೆ, ಏನು ಮಾಡುತ್ತೀರಿ? ಉಳಿದವರು ತಾವು ಏನು ಮಾಡುತ್ತೇವೆಂದು ಹೇಳುವುದು. ಅದು ಕೈಗೂಡಿತೋ ಇಲ್ಲವೋ ಎಂಬುದನ್ನು ದಾಳ ಮತ್ತು ಪುಸ್ತಕದ ನಿಯಮ ತೀರ್ಮಾನಿಸುತ್ತವೆ. ಕೋಟೆಯಲ್ಲಿ ರಾಕ್ಷಸರು, ದೆವ್ವಗಳು. ಒಂದೊಂದು ಹೇಗೆ ನಡೆಯುತ್ತದೆ, ಹೇಗೆ ಹೊಡೆಯುತ್ತದೆ ಎಂಬುದಕ್ಕೂ ಒಂದೊಂದು ನಿಯಮ. ಪ್ರಕಾಶ ಹಾಸ್ಟೆಲ್ಲಿನಲ್ಲಿ ಆಡಿದ್ದನೇ ಹೊರತು ನಡೆಸಿದವನಲ್ಲ. ನಿಯಮಗಳನ್ನು ಓದಿ ನಡೆಸುತ್ತಿದ್ದವನು ಆ ಗೆಳೆಯ.

“ವೈನಿ, ನೀವು ನಡಸ್ರಿ. ಓದೂದು ಅಷ್ಟ ಕೆಲಸ. ನಿಮ್ದು ಬಿ.ಎ. ಅಲ್ಲ?”

ಬಾಗಿಲ ಬಳಿ ರಾಟೆಯ ಮುಂದೆ ಕೂತು ಮಗ್ಗದ ನೂಲನ್ನು ಕಂಡಿಕೆಗೆ ಸುತ್ತುತ್ತಿದ್ದ ಅತ್ತೆ ನನ್ನ ಕಡೆ ನೋಡಿದಳು. ನಾನು ಪುಸ್ತಕ ಕೈಗೆ ತೆಗೆದುಕೊಂಡೆ.

ಇಂಗ್ಲಿಷ್ ನನಗೆ ಪೂರ್ತಿ ಬರುತ್ತಿರಲಿಲ್ಲ ಎಂದಲ್ಲ. ಅಕ್ಷರ ಕೂಡಿಸಿ ನಿರರ್ಗಳವಾಗಿ ಓದುತ್ತಿದ್ದೆ. ಕೇಳಿದವರಿಗೆ ಪಂಡಿತೆಯ ಓದಿನಂತೆ ಕೇಳಿಸುತ್ತಿತ್ತು. ಸಣ್ಣ ವಾಕ್ಯ ತಿಳಿಯುತ್ತಿತ್ತು. ವಾಕ್ಯ ಉದ್ದವಾಗಿ, ನಡುವೆ ಎರಡು ಮೂರು ಅಡ್ಡ ಮಾತು ಬಂದರೆ ಅರ್ಥ ಕೈತಪ್ಪಿ ಹೋಗುತ್ತಿತ್ತು. ಚಿತ್ರ ನೋಡಿ, ಅಂಕಿಗಳ ಕೋಷ್ಟಕ ನೋಡಿ, ತಿಳಿದಷ್ಟು ತೆಗೆದುಕೊಂಡು ಉಳಿದದ್ದನ್ನು ನಾನೇ ಕಟ್ಟಿದೆ. ನೆಲದ ಮೇಲೆ ಸೀಮೆಸುಣ್ಣದಿಂದ ಕೋಟೆಯ ಮನೆಗಳನ್ನು ಬರೆದೆ. ಪುಸ್ತಕ ಕೇಳುತ್ತಿದ್ದ ಹಲವು ಮುಖದ ದಾಳಗಳಿರಲಿಲ್ಲ. ಅತ್ತೆಯ ಕವಡೆ ಬಂದವು. ಆಡಲು ಮೂರನೆಯವರು ಬೇಕು ಎಂದಾಗ ಅತ್ತೆ ರಾಟೆ ತಿರುಗಿಸುತ್ತಲೇ, “ನಾ ಆಡ್ತೀನಿ” ಎಂದಳು.

“ನೀ ಯಾರ ಆಗ್ತೀಬೇ? ಕತ್ತಿ ಹಿಡದಾಕಿಯೋ, ಮಂತ್ರಾ ಹಾಕಾಕಿಯೋ?” ಎಂದ ಪ್ರಕಾಶ.

“ನಾ ಗಂಗವ್ವನ ಆಗ್ತೀನಿ. ಕೈಯಾಗ ಒನಕಿ ಇರ್ಲಿ.”

ಹಾಗೆ ನಮ್ಮ ಮಧ್ಯಾಹ್ನಗಳು ಶುರುವಾದವು. ನಮ್ಮವರು ಶೆಡ್ಡಿನಲ್ಲಿರುತ್ತಿದ್ದರು. ಊಟದ ಪಾತ್ರೆ ತೊಳೆದಿಟ್ಟು ನಾನು ಬಂದು ಕೂರುತ್ತಲೇ ಅತ್ತೆ ರಾಟೆಯನ್ನು ಸೀಮೆಸುಣ್ಣದ ಗೆರೆಯ ಪಕ್ಕಕ್ಕೆ ಎಳೆದುಕೊಳ್ಳುತ್ತಿದ್ದಳು. ಅವಳ ಒನಕೆಗೆ ಸಿಕ್ಕ ರಾಕ್ಷಸ ಬದುಕುತ್ತಿರಲಿಲ್ಲ. ನಾನು ಆ ಮನೆಯಲ್ಲಿ ಅಷ್ಟು ನಕ್ಕದ್ದು ಆಗಲೇ ಮೊದಲು. ಅಷ್ಟು ಹೆದರಿದ್ದೂ ಆಗಲೇ, ಪುಟ ತಿರುಗಿಸುವಾಗಲೆಲ್ಲ.

ಒಂದು ದಿನ ದೊಡ್ಡ ಮಳೆ ಬಂದು ಕರೆಂಟು ಹೋಯಿತು. ಇಡೀ ಓಣಿಯ ಮಗ್ಗಗಳು ನಿಂತು, ಕಿವಿ ಕಿವುಡಾದಂತೆ ನಿಶ್ಶಬ್ದ. ಆಟದಲ್ಲಿ ಒಂದು ದೆವ್ವ ಬಂದಿತ್ತು. ಅದು ಗೋಡೆಯ ಕಡೆ ಸರಿಯಿತು ಎಂದೆ ನಾನು. ಪ್ರಕಾಶ ಹಾಸಿಗೆಯಲ್ಲಿ ಎದ್ದು ಕೂತ.

“ಈಗ ಹೇಳ್ರಿ ವೈನಿ. ಗ್ವಾಡಿ ದಾಟಿ ಆ ಕಡೆ ಹೋಗಾಕ ಬರತೈತೇನು ಅದಕ್ಕ? ನಡು ಗ್ವಾಡ್ಯಾಗ ನಿಂತ್ರ ನಾವು ಹೊಡೀಬಹುದೋ ಇಲ್ಲೋ? ಹಾಸ್ಟೆಲ್ಲಿನಾಗ ಇದರ ಸಲುವಾಗಿ ದೊಡ್ಡ ಜಗಳಾ ಆಗಿತ್ತು. ಪುಸ್ತಕದಾಗ ಒಂದು ಪ್ಯಾರಾ ಐತಿ, ತಗೀರಿ.”

ತೆಗೆದೆ. ಪ್ಯಾರಾ ಶುರುವಾಗುವುದೇ ‘ಇನ್‌ಕಾರ್ಪೋರಿಯಲ್’ ಎಂಬ ಪದದಿಂದ. ಅದನ್ನು ಅದುವರೆಗೆ ನಾನು ಎಲ್ಲೂ ಕಂಡಿರಲಿಲ್ಲ. ಅದರ ಹಿಂದೆ ಬಂದ ವಾಕ್ಯಗಳು ಒಂದರೊಳಗೊಂದು ಹೆಣೆದುಕೊಂಡಿದ್ದವು. ಗಟ್ಟಿಯಾಗಿ ಪೂರ್ತಿ ಓದಿದೆ. ಓದಿ ಮುಗಿಸಿ ತಲೆ ಎತ್ತಿದರೆ ಇಬ್ಬರೂ ಕಾಯುತ್ತಿದ್ದಾರೆ.

“ಅಂದ್ರ?” ಎಂದಳು ಅತ್ತೆ.

ತಿಳಿಯಲಿಲ್ಲ ಎನ್ನಬಹುದಿತ್ತು. ಒಂದು ಆಟದ ಪುಸ್ತಕದ ಒಂದು ಪದ. ಆದರೆ ಅತ್ತೆಯ ಮುಖದಲ್ಲಿದ್ದ ನಂಬಿಕೆ ನೋಡಿ ನನ್ನ ಬಾಯಿಗೆ ಬೇರೆಯೇ ಮಾತು ಬಂತು. “ಕಾರ್ಪೊರೇಶನ್ ಅಂತಾರಲ್ರಿ ಅತ್ತಿ, ದೊಡ್ಡ ಊರಾಗ ಇರತಾವಲ್ಲ, ಅದ ಇದು. ಇನ್ ಅಂದ್ರ ಒಳಗ. ಊರೊಳಗಿನ ದೆವ್ವ ಅಂತ ಅರ್ಥ. ಊರೊಳಗಿನ ದೆವ್ವ ಗ್ವಾಡಿ ದಾಟತೈತಿ. ಹೊರಗಿಂದ ಬಂದದ್ದು ಬಾಗಲಾ ಹುಡುಕಬೇಕು.”

ಪ್ರಕಾಶ ಏನೋ ಹೇಳಲು ಬಾಯಿ ತೆರೆದು ಮುಚ್ಚಿದ. ಅತ್ತೆ ಮಾತ್ರ ರಾಟೆ ನಿಲ್ಲಿಸಿ ತಲೆಯಾಡಿಸಿದಳು.

“ಖರೆ ಐತಿ. ಊರಾಗಿನ ದೆವ್ವಕ್ಕ ಯಾರ ಮನಿ ಗ್ವಾಡಿ ಎಲ್ಲಿ ಐತಿ, ಎಲ್ಲಿ ಮೆತ್ತಗ ಐತಿ, ಎಲ್ಲಾ ಗೊತ್ತಿರತೈತಿ. ಆದ್ರ ಹೊಸ್ತಲಾ ದಾಟೂದಿಲ್ಲ ನೋಡು ಅದು. ಪುಸ್ತಕದಾಗ ಹೊಸ್ತಲದ ಮಾತು ಬರದಾರೇನು?”

“ಬರದಾರ್ರಿ,” ಎಂದೆ.

ಆ ಸಂಜೆಯೇ ಈ ಮಾತು ಓಣಿಗೆ ಹೋಯಿತು. ದಪ್ಪ ಪುಸ್ತಕ, ಹೊರದೇಶದ್ದು, ನಮ್ಮ ಸೊಸಿ ಓದಿ ಕನ್ನಡದಾಗ ಹೇಳ್ತಾಳ. ವಾರ ಕಳೆಯುವುದರೊಳಗೆ ಓಣಿಯ ಹತ್ತನೆಯ ತರಗತಿಯ ಹುಡುಗಿಯರು ಇಂಗ್ಲಿಷ್ ಹೇಳಿಸಿಕೊಳ್ಳಲು ಬರತೊಡಗಿದರು. ಅವರಿಗೆ ಹೇಳುವಷ್ಟು ನನಗೆ ಬರುತ್ತಿತ್ತು, ಆದರೂ ಒಬ್ಬಳು ಬೆರಳಿಟ್ಟು “ಅಕ್ಕಾರ, ಇದಕ್ಕ ಏನಂತಾರ್ರಿ?” ಎಂದಾಗಲೆಲ್ಲ ಪುಸ್ತಕವನ್ನು ನನ್ನ ಕಡೆ ಎಳೆದುಕೊಂಡು ಮೊದಲು ನಾನೊಬ್ಬಳೇ ಓದಿ ನೋಡುತ್ತಿದ್ದೆ. ಅದರ ಬೆನ್ನಿಗೇ ನಮ್ಮವರು ಒಂದು ಸುದ್ದಿ ತಂದರು. ಊರಲ್ಲಿ ಹೊಸದಾಗಿ ಇಂಗ್ಲಿಷ್ ಮಾಧ್ಯಮದ ಸಣ್ಣ ಶಾಲೆಯೊಂದು ತೆರೆಯುತ್ತಿದ್ದರು. ಟೀಚರು ಬೇಕು, ಬಿ.ಎ. ಆಗಿರಬೇಕು. ಇವರು ಆಗಲೇ ಮಾತಾಡಿ ಬಂದಿದ್ದರು.

“ಸರ್ಟಿಫಿಕೇಟ್ ತಗೊಂಡು ಬರ್ರಿ ಅಂದಾರ. ಎಲ್ಲಿ ಇಟ್ಟಿ?”

“ಲೋಕಾಪುರದಾಗ ಐತ್ರಿ.”

“ತರಸು ಮತ್ತ.”

ತರಿಸುತ್ತೇನೆ ಎಂದೆ. ಮತ್ತೆ ಕೇಳಿದರು, ಮತ್ತೆ ಅದನ್ನೇ ಹೇಳಿದೆ. ಇವರು ಸಿಡುಕುವ ಸ್ವಭಾವದವರಲ್ಲ. ಹೆಂಡತಿ ಟೀಚರಾಗುತ್ತಾಳೆಂದು ಒಳಗೊಳಗೇ ಹಿಗ್ಗಿದ್ದರು; ಕೈಗಡಿಯಾರ ಬೇಕಾದೀತು ನಿನಗೆ ಎಂದು ಒಮ್ಮೆ ಅಂದಿದ್ದರು. ಅದು ನನಗೆ ಬೈಗುಳಕ್ಕಿಂತ ಕಷ್ಟವಾಯಿತು. ಅವರು ಶೆಡ್ಡಿನಿಂದ ಬರುವ ಸಪ್ಪಳ ಕೇಳಿದರೆ ನಾನು ಹಿತ್ತಲಿಗೆ ಹೋಗುತ್ತಿದ್ದೆ.

ಗಣಪತಿ ಹಬ್ಬದ ಹೊತ್ತಿಗೆ ಪ್ರಕಾಶನ ಕಣ್ಣು ತಿಳಿಯಾದವು. ಅವನನ್ನು ನೋಡಲು, ಹಾಗೇ ಪುಸ್ತಕವನ್ನೂ ಒಯ್ಯಲು, ಆ ಗೆಳೆಯ ಬಂದ. ರಾಜಶೇಖರ ಎಂದು. ಸೊಲ್ಲಾಪುರದವನು, ಮನೆಮಾತು ಕನ್ನಡ. ಬಹಳ ಮರ್ಯಾದೆಯ ಹುಡುಗ. ಬಂದವನೇ ಅತ್ತೆಯ ಕಾಲು ಮುಟ್ಟಿದ. ಊಟಕ್ಕೆ ನಮ್ಮವರೂ ಬಂದರು. ಊಟ ಮುಗಿಸಿ ಪಡಸಾಲೆಯಲ್ಲಿ ಕೂತಾಗ ಅವನು ನೆಲದ ಮೇಲಿನ ಗೆರೆಗಳನ್ನು ನೋಡಿ ಖುಷಿಪಟ್ಟ.

“ಇಲ್ಲಿ ಯಾರು ನಡಸ್ತಾರೊ?”

“ನಮ್ಮ ವೈನಿ,” ಎಂದ ಪ್ರಕಾಶ. ಅವನ ದನಿ ಸಣ್ಣದಾಗಿತ್ತು.

“ಹೌದೇನ್ರಿ? ಮತ್ತ ಆ ಗ್ವಾಡಿ ದಾಟೂದು ಹೆಂಗ ಮಾಡಿದ್ರಿ? ನಾವು ಅದರ ಸಲುವಾಗಿ ಹೊಡದಾಡೂದು ಅಷ್ಟ ಬಾಕಿ ಇತ್ತು.”

ನಾನು ಎಲೆ-ಅಡಿಕೆಯ ತಟ್ಟೆ ಹಿಡಿದು ನಿಂತಿದ್ದೆ. ಉತ್ತರ ಕೊಟ್ಟವಳು ಅತ್ತೆ. ಸೊಸೆಯ ವಿದ್ಯೆಯನ್ನು ಪುಣೆಯ ಹುಡುಗನ ಮುಂದೆ ಇಡುವ ಅವಕಾಶ. ಒಂದಕ್ಷರ ಬಿಡದೆ ಹೇಳಿದಳು. ಕಾರ್ಪೊರೇಶನ್, ಊರೊಳಗಿನ ದೆವ್ವ, ಹೊರಗಿನ ದೆವ್ವ, ಹೊಸ್ತಿಲು.

ರಾಜಶೇಖರ ಜೋರಾಗಿ ನಕ್ಕ. “ಭಾಳ ಚಂದ ಚಾಷ್ಟಿ ಮಾಡ್ಯಾರ್ರಿ ವೈನಿ,” ಎಂದ. ಬೇಕೆಂದೇ ನಗಿಸಲು ಹೇಳಿದ್ದೇನೆಂದು ಅವನು ತಿಳಿದ. ನಗುತ್ತಲೇ ಸುತ್ತ ನೋಡಿದ. ಯಾರೂ ನಗುತ್ತಿರಲಿಲ್ಲ. ಅವನ ಮುಖದ ನಗು ಮೆಲ್ಲಗೆ ಇಳಿಯಿತು.

“ಯಾಕಪ್ಪಾ, ಅಲ್ಲೇನು ಅದು?” ಎಂದಳು ಅತ್ತೆ.

ಅವನು ತೊದಲಿದ. “ಹಂಗೇನಿಲ್ರಿ... ಅದು ಮೈ ಇಲ್ಲದ್ದು ಅಂತ್ರಿ. ಮೈ ಇಲ್ಲ, ಅದಕ್ಕ ಗ್ವಾಡಿ ಅಡ್ಡ ಬರೂದಿಲ್ಲ. ಆದ್ರ ತನ್ನ ಸರತಿ ಮುಗಿಯೂದ್ರೊಳಗ ಹೊರಗ ಬಂದಿರಬೇಕು, ಗ್ವಾಡಿ ಒಳಗ ನಿಂದರಾಕ ಬರೂದಿಲ್ಲ. ಇಷ್ಟರಿ. ಇದೂ ಛಲೋ ಐತಿ, ವೈನಿ ಹೇಳಿದ್ದು.”

ನಮ್ಮವರು ನನ್ನ ಕಡೆ ತಿರುಗಿದರು. ಸಿಟ್ಟಿರಲಿಲ್ಲ, ನಿಜಕ್ಕೂ ತಿಳಿಯದೆ ಕೇಳಿದರು. “ಇಷ್ಟು ಗೊತ್ತಾಗಲಿಲ್ಲೇನು ನಿನಗ? ನಾಳಿ ಆ ಸಾಲ್ಯಾಗ ಏನ್ ಕಲಸ್ತಿ?”

ತಟ್ಟೆಯನ್ನು ಅಲ್ಲೇ ಇಟ್ಟು ಅಡುಗೆಮನೆಗೆ ಹೋದೆ. ಅತ್ತೆ ಹಿಂದೆಯೇ ಬಂದಳು. “ಹೋಗ್ಲಿ ಬಿಡು, ಒಂದು ಮಾತು ತಪ್ಪಿದ್ರ ಏನಾತು,” ಎಂದು ನನ್ನ ಬೆನ್ನ ಮೇಲೆ ಕೈ ಇಟ್ಟಳು. ಆ ಕೈಯ ಭಾರ ತಡೆಯಲಾಗಲಿಲ್ಲ.

“ಅತ್ತಿ, ನಾ ಬಿ.ಎ. ಪಾಸಾಗಿಲ್ರಿ. ಇಂಗ್ಲಿಷಿನ್ಯಾಗ ನಪಾಸ ಆಗೀನಿ.”

ಅಡುಗೆಮನೆಯ ಗೋಡೆ ಮಾಡಿನವರೆಗೆ ಹೋಗಿರಲಿಲ್ಲ. ಹೊರಗೆ ಕೂತ ಮೂವರಿಗೂ ಕೇಳಿತು. ಪಡಸಾಲೆಯಲ್ಲಿ ಯಾರೋ ಕೆಮ್ಮಿದರು. ಅತ್ತೆ ಕೈ ತೆಗೆದಳು. ಒಲೆಯ ಕಡೆ ತಿರುಗಿ, “ನಾನಽ ಹೇಳಕೋತ ತಿರಗೀನಿ ಊರ ತುಂಬ,” ಎಂದಳು. ಅಷ್ಟೇ.

ರಾಜಶೇಖರ ಸಂಜೆಯ ಬಸ್ಸಿಗೇ ಹೊರಟ. ಪ್ರಕಾಶನಿಗೆ ಮೊದಲೇ ಸಂಶಯ ಬಂದಿತ್ತಂತೆ. ಯಾಕೆ ಹೇಳಲಿಲ್ಲ ಎಂದರೆ, “ಹೇಳಿದ್ರ ನೀವು ಆಟಾ ನಿಲ್ಲಸ್ತಿದ್ರಿ” ಎಂದ. ನಮ್ಮವರು ಶಾಲೆಯವರ ಬಳಿ ತಾವೇ ಹೋಗಿ, ಮನೆಯಲ್ಲಿ ಒಪ್ಪಲಿಲ್ಲ ಎಂದು ಹೇಳಿ ಬಂದರು. ನನ್ನೊಡನೆ ಮಾತು ಬಿಟ್ಟರು. ತಾಟು ಮುಂದಿಟ್ಟರೆ ಉಣ್ಣುತ್ತಿದ್ದರು, ಇನ್ನಷ್ಟು ಬೇಕಾದರೆ ತಾವೇ ಎದ್ದು ಹಾಕಿಕೊಳ್ಳುತ್ತಿದ್ದರು.

ಅಪ್ಪನಿಗೆ ಹೇಳಿಕಳಿಸಿದ್ದರು. ಅವನು ಬಂದ ದಿನವೂ ಮಳೆ. ಒದ್ದೆ ಟೋಪಿ ತೆಗೆದು ಕೈಯಲ್ಲಿ ಹಿಡಿದು ಬಾಗಿಲ ಬಳಿಯೇ ನಿಂತ. ಕುರ್ಚಿ ತೋರಿಸಿದರೂ ಕೂರಲಿಲ್ಲ. ಅಳಿಯನ ಮುಖ ನೋಡದೆ, ಅತ್ತೆಯ ಮುಖ ನೋಡದೆ, ನೆಲದ ಮೇಲೆ ಇನ್ನೂ ಅಳಿಸದೆ ಉಳಿದಿದ್ದ ಸೀಮೆಸುಣ್ಣದ ಗೆರೆಗಳನ್ನು ನೋಡುತ್ತ ಹೇಳಿದ: “ಹುಡುಗಿದು ತಪ್ಪಿಲ್ರಿ. ಸುಳ್ಳು ಹೇಳಿದಾಂವ ನಾನು. ಏನ್ ಅನ್ನೂದೈತಿ ನನಗ ಅನ್ರಿ.”

ಯಾರಾದರೂ ಅಂದಿದ್ದರೆ ಅವನಿಗೂ ಹಗುರಾಗುತ್ತಿತ್ತೇನೋ. ಅತ್ತೆ ಎದ್ದು ಒಳಗೆ ಹೋಗುತ್ತ, “ಬೀಗರಿಗೆ ಊಟಕ್ಕ ಹಾಕು,” ಎಂದಳು ನನಗೆ. ಅಪ್ಪನಿಗೆ ನಾನೇ ಬಡಿಸಿದೆ. ಅವನು ರೊಟ್ಟಿ ಮುರಿಯುತ್ತಿದ್ದ, ಬಾಯಿಗಿಡುತ್ತಿರಲಿಲ್ಲ. ಅಂಗಡಿಯಲ್ಲಿ ಎಷ್ಟು ಜನರ ಮುಂದೆ ದನಿ ಎತ್ತಿ ಮಾತಾಡುತ್ತಿದ್ದ ಮನುಷ್ಯ. ನಪಾಸಾದಾಗ, ಸುಳ್ಳು ಹೇಳಿದಾಗ, ಸಿಕ್ಕಿಬಿದ್ದಾಗ ಆದ ನಾಚಿಕೆಗಳನ್ನೆಲ್ಲ ಕೂಡಿಸಿದರೂ, ಆ ತಾಟಿನ ಮುಂದೆ ಅವನು ಬಗ್ಗಿ ಕೂತ ರೀತಿ ನೋಡಿ ಆದದ್ದಕ್ಕೆ ಸಮವಾಗಲಾರದು. ಹೋಗುವಾಗ ನನಗೆ, “ಬರ್ತೀನವಾ,” ಎಂದ. ಹಿಂದೆ ತಿರುಗಿ ನೋಡಲಿಲ್ಲ.

ಹುಡುಗಿಯರಿಗೆ ಪಾಠ ನಿಲ್ಲಿಸಿದ್ದೆ. ಒಂದು ಮಧ್ಯಾಹ್ನ ಅವರಲ್ಲೊಬ್ಬಳ ತಾಯಿ ಬಾಗಿಲಿಗೆ ಬಂದು, ಯಾಕೆ ನಿಂತಿತು ಎಂದು ಅತ್ತೆಯನ್ನು ಕೇಳಿದಳು. ನಾನು ಒಳಗೆ ಕಾಳು ಹಸನು ಮಾಡುತ್ತಿದ್ದೆ. ಅತ್ತೆ ತಡವರಿಸಿದ್ದು ಕೇಳಿಸಿತು. “ಆಕಿಗೆ... ಹುಷಾರಿಲ್ಲ ನೋಡವಾ. ತಲಿ ತಿರಗತೈತಿ.” ಆ ಹೆಂಗಸು ನಕ್ಕು, ಹೊಸ ಸೊಸೆಗೆ ತಲೆ ತಿರುಗಿದರೆ ಸಿಹಿ ಸುದ್ದಿಯೇ ಇರಬೇಕು ಎಂದು ಹಾರೈಸಿ ಹೋದಳು.

ಅತ್ತೆ ನೇರ ನನ್ನ ಮುಂದೆ ಬಂದು ನಿಂತಳು. ಅಷ್ಟು ದಿನ ನುಂಗಿದ್ದು ಆಗ ಹೊರಬಂತು.

“ನನ್ನ ಕಡಿಂದೂ ಸುಳ್ಳು ಹೇಳಿಸಿದಿ. ಗಂಡ ಸತ್ತಾಗ ಹೇಳಲಿಲ್ಲ, ಉಪಾಸ ಬಿದ್ದಾಗ ಹೇಳಲಿಲ್ಲ ನಾ ಸುಳ್ಳು. ಈಗ ಆಕಿ ಹೊಸ್ತಲಾ ದಾಟೂದ್ರಾಗ ನೀ ಬಸರಾದಿ ಅಂತ ಓಣಿಗೆಲ್ಲಾ ಸುದ್ದಿ ಆಗತೈತಿ. ಅದಕ್ಕ ಮತ್ತೊಂದು ಸುಳ್ಳು ಹುಡುಕೂದೇನು ನಾನು?”

ನಾನು ಮೊರ ಪಕ್ಕಕ್ಕಿಟ್ಟು ಎದ್ದು ನಿಂತೆ.

“ಆ ಪೇಪರ ಮತ್ತ ಬರಿಯಾಕ ಬರತೈತೋ ಇಲ್ಲೋ?”

“ಬರತೈತ್ರಿ.”

“ಬರಿ ಮತ್ತ. ಪಾಸ ಆಗು ಬಿಡು, ನನಗ ಗೊತ್ತಿಲ್ಲ. ಬರಿ.”

ಪ್ರಕಾಶ ಪುಣೆಗೆ ಹೋಗುವ ತನಕ ದಿನಾ ಬೆಳಿಗ್ಗೆ ನನ್ನೆದುರು ಕೂತು ಓದಿಸಿದ. ಉದ್ದ ವಾಕ್ಯ ಬಂದರೆ ಎಲ್ಲಿ ತುಂಡು ಮಾಡಬೇಕೆಂದು ತೋರಿಸಿದ. ತಿಳಿಯದಿದ್ದರೆ ತಿಳಿಯಲಿಲ್ಲ ಎನ್ನಬೇಕೆಂದು ಕರಾರು ಹಾಕಿದ್ದ. ಮೊದಮೊದಲು ಆ ಮಾತು ಹೇಳುವ ಬದಲು ಪುಟ ತಿರುಗಿಸಿಬಿಡುತ್ತಿದ್ದೆ. ಅತ್ತೆ ಅಲ್ಲೇ ಕಂಡಿಕೆ ಸುತ್ತುತ್ತಿದ್ದಳು; ನನ್ನೊಡನೆ ಮಾತು ಇನ್ನೂ ಅಷ್ಟಕ್ಕಷ್ಟೆ. ನಾನು ನಪಾಸಾದ ಸುದ್ದಿ ಓಣಿಯಲ್ಲಿ ಹೇಗೋ ಹಬ್ಬಿತ್ತು. ನೀರಿಗೆ ಹೋದರೆ ನಾನು ಬರುವುದನ್ನು ಕಂಡು ಮಾತು ನಿಲ್ಲುತ್ತಿತ್ತು. ಒಮ್ಮೆ ಯಾರೋ, “ಬಿ.ಎ. ಬಂತು, ದಾರಿ ಬಿಡ್ರಿ,” ಎಂದರು. ದಾರಿ ಬಿಟ್ಟರು ಕೂಡ.

ಆ ಪೇಪರು ಪಾಸಾಯಿತು, ಹೇಗೋ ದಾಟಿದೆ. ಶಾಲೆಯ ಕೆಲಸ ಅಷ್ಟರೊಳಗೆ ಬೇರೆಯವರಿಗೆ ಹೋಗಿತ್ತು. ಮುಂದೆ ಮುಧೋಳದಲ್ಲಿ ಬೇರೆ ಶಾಲೆ ಸಿಕ್ಕಿತು, ಬಹಳ ವರ್ಷ ಕಲಿಸಿದೆ. ಆದರೆ ಆ ಮಳೆಗಾಲ ನನ್ನ ಪಾಲಿಗೆ ಮುಗಿದದ್ದು ಪರೀಕ್ಷೆಯ ದಿನ.

ಜಮಖಂಡಿಗೆ ಒಬ್ಬಳನ್ನೇ ಕಳಿಸಲಿಲ್ಲ, ಅತ್ತೆ ತಾನೇ ಹೊರಟಳು. ನಮ್ಮವರು ಬಸ್‌ಸ್ಟ್ಯಾಂಡಿನ ತನಕ ಬಂದರು. ಬಸ್ಸು ಬಿಡುವಾಗ ಕಿಟಕಿಯ ಹತ್ತಿರ ಬಂದು, “ಕಡೀ ಬಸ್ಸಿಗೆ ಅಂತ ಕುಂಡ್ರಬ್ಯಾಡ್ರಿ, ಮೊದಲ ಬರ್ರಿ,” ಎಂದರು. ಹೇಳಿದ್ದು ತಾಯಿಗೆ, ನೋಡಿದ್ದು ನನ್ನ ಕಡೆ.

ನನ್ನ ಓರಗೆಯವರೇ ಎಲ್ಲ ಪರೀಕ್ಷೆಗೆ ಬಂದಿದ್ದರು. ತಾಳಿ ಕಟ್ಟಿಕೊಂಡು ಬಂದವಳು ನಾನೊಬ್ಬಳೇ ಇರಬೇಕು. ಮೂರು ತಾಸು ಬರೆದೆ. ತಿಳಿಯದ ಪ್ರಶ್ನೆಯನ್ನು ಬಿಟ್ಟುಬಿಟ್ಟೆ, ಏನನ್ನೂ ಕಟ್ಟಿ ಬರೆಯಲಿಲ್ಲ. ಹೊರಗೆ ಬಂದಾಗ ಮಳೆ ನಿಂತು ಬಿಸಿಲು ಬಿದ್ದಿತ್ತು. ಕಂಪೌಂಡಿನ ಬೇವಿನ ಗಿಡದ ಕಟ್ಟೆಯ ಮೇಲೆ ಅತ್ತೆ ಬುತ್ತಿಗಂಟು ಪಕ್ಕಕ್ಕಿಟ್ಟು ಕೂತಿದ್ದಳು. ಜೊತೆಗೆ ಬೀಳಗಿ ಕಡೆಯ ಒಬ್ಬಾಕೆ ಇದ್ದಳು. ನನಗೆ ಅವರ ಬೆನ್ನು ಕಾಣುತ್ತಿತ್ತು.

“ನೀವು ಯಾರ ಸಲುವಾಗಿ ಬಂದೀರಿ?” ಎಂದು ಆಕೆ ಕೇಳುತ್ತಿದ್ದಳು.

“ಸೊಸಿ ಬಂದಾಳ್ರಿ. ಇಂಗ್ಲಿಷಿನ್ಯಾಗ ನಪಾಸ ಆಗಿದ್ಲು, ಮತ್ತ ಬರಿಯಾಕ ಬಂದಾಳ,” ಎಂದಳು ಅತ್ತೆ. ಅವಳ ದನಿ ನೀರಿನ ಹತ್ತಿರ ಹೇಳುತ್ತಿದ್ದಾಗಿನಷ್ಟೇ ಗಟ್ಟಿಯಾಗಿತ್ತು. ಹಾದುಹೋಗುತ್ತಿದ್ದ ಇಬ್ಬರು ಮೂವರು ಹುಡುಗರು ತಿರುಗಿ ನೋಡಿದರು. ನನಗೆ ನಿಂತಲ್ಲೇ ಭೂಮಿಗಿಳಿದು ಹೋಗಬೇಕು ಅನ್ನಿಸಿತು.

ಅತ್ತೆ ತಿರುಗಿದವಳೇ ನನ್ನನ್ನು ಕಂಡಳು. “ಬಾ. ಇವರ ಮಗಂದು ಮೂರನೇ ಸಲಾ ಅಂತ. ಕುಂಡ್ರು, ಉಣ್ಣು.”

ಗಂಟು ಬಿಚ್ಚಿ ರೊಟ್ಟಿ, ಶೇಂಗಾ ಹಿಂಡಿ ಕೈಗೆ ಕೊಟ್ಟಳು. ಅಷ್ಟರಲ್ಲಿ ಆ ಹೆಂಗಸಿನ ಮಗನೂ ಬಂದ. ಎತ್ತರದ, ಮೀಸೆ ಬಂದ ಯುವಕ. ತಾಯಿಯ ಪಕ್ಕದಲ್ಲಿ ಮುದುಡಿ ಕೂತ. ಅವನು ನನ್ನ ಕಡೆ ನೋಡಲಿಲ್ಲ, ನಾನೂ ಅವನ ಕಡೆ ನೋಡಲಿಲ್ಲ. ಇಬ್ಬರೂ ತಲೆ ತಗ್ಗಿಸಿ ರೊಟ್ಟಿ ತಿನ್ನುತ್ತಿದ್ದೆವು. ನಮ್ಮ ತಲೆಯ ಮೇಲೆ ಅತ್ತೆಯೂ ಆ ಹೆಂಗಸೂ ಈ ಸಲದ ಜೋಳದ ಬಗ್ಗೆ, ನೂಲಿನ ಬಣ್ಣ ಬಿಡುವುದರ ಬಗ್ಗೆ ಗಟ್ಟಿಯಾಗಿ ಮಾತಾಡಿಕೊಳ್ಳುತ್ತಿದ್ದರು. ಬೇಗ ಏಳುವ ಲಕ್ಷಣ ಇಬ್ಬರಲ್ಲೂ ಇರಲಿಲ್ಲ.